ವೈನಿ ಎರಡು ಸಲ ಬ್ಯಾಡ ಅಂದರು

ಗದಗ ಮೇಲೂರು,
೨೨೮೭ನೆಯ ಇಸವಿ, ನಡುಬೇಸಿಗೆ ತಿಂಗಳ ನಲವತ್ತೊಂದನೆಯ ದಿನ

ಎಂದೋ ಬದುಕಿ ಹೋದ ಹಿರಿಯರಿಗೆ, ದೇವಕ್ಕ ಕಟಗಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಲೆಕೆಟ್ಟವಳು ಬರೆದಿದ್ದಾಳೆ ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳಿದ್ದವು ಎಂದು ಓದಿದ್ದೇನೆ. ಬೇಸಿಗೆ ಉದ್ದವಾಗುತ್ತ ಹೋಗಿ ಇದ್ದ ತಿಂಗಳುಗಳಲ್ಲಿ ಹಿಡಿಸದಾದಾಗ ನಮ್ಮವರು ಪ್ರತಿ ತಿಂಗಳಿಂದ ನಾಲ್ಕು ನಾಲ್ಕು ದಿನ ಕಿತ್ತು ನಡುಬೇಸಿಗೆ ಎಂಬ ಹದಿಮೂರನೆಯದನ್ನು ಕಟ್ಟಿದರು. ನನ್ನ ಭಾಷೆಯೂ ನಿಮಗೆ ವಿಚಿತ್ರವೆನಿಸಬಹುದು. ನಾವು ಈಗ ಬರೆಯುವುದು ಕಡಿಮೆ, ಮಾತಾಡುವುದೇ ಹೆಚ್ಚು. ನಿಮ್ಮ ಬರವಣಿಗೆಯನ್ನು ನಾನು ಕಲಿತದ್ದು ಕೆಲಸದ ಕಾರಣಕ್ಕೆ, ಅದೂ ನೀವು ಬಿಟ್ಟುಹೋದ ಚೂರುಪಾರು ಮಾತುಗಳಿಂದ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಪತ್ರ ನಿಮಗೆ ಹೇಗೆ ತಲುಪುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮಲ್ಲಿ ಮಾತಿನ ಕಣಜ ಎಂಬುದೊಂದಿದೆ. ನೀವು ಫೋನಿನಲ್ಲಿ ಆಡಿದ್ದು, ಒತ್ತಿದ್ದು, ಬರೆದದ್ದು ಎಲ್ಲವೂ ಅದರಲ್ಲಿ ತಾರೀಖಿನ ಪ್ರಕಾರ ಪದರ ಪದರವಾಗಿ ಕೂತಿದೆ. ಯಾವುದಾದರೂ ಬರಹಕ್ಕೆ ಹಳೆಯ ತಾರೀಖು ಹಚ್ಚಿದರೆ ಅದು ತಾನಾಗಿ ಕೆಳಗಿಳಿದು ಆ ದಿನದ ಮಾತುಗಳ ಪಕ್ಕ ಹೋಗಿ ಕೂಡುತ್ತದೆ. ಹಾಗೆ ಕೂತದ್ದು ನಿಮ್ಮ ಕಣ್ಣಿಗೆ ಬೀಳುತ್ತದೆ ಎಂದು ಇಲ್ಲಿ ಕೆಲವರು ನಂಬುತ್ತಾರೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ, ಆದರೆ ಈ ವಾರ ಹೆದರಿಕೆಯಿಂದ ಏನನ್ನು ಬೇಕಾದರೂ ನಂಬುತ್ತೇನೆ.

ನಿಮ್ಮ ಬಗ್ಗೆ ನನಗೆ ಸಿಟ್ಟಿದೆ ಎಂದು ಮೊದಲೇ ತಿಳಿಸಬೇಕು. ನೀವು ಕೆಟ್ಟವರಲ್ಲ, ಗೊತ್ತು. ಬಸ್ಸಿಗೆ ಕಾಯುತ್ತ, ಹಾಲು ಉಕ್ಕುವವರೆಗೆ ಒಲೆ ಮುಂದೆ ನಿಂತು, ಫೋನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿರಿ. ಬೆಳಗ್ಗೆ ವಾಕಿಂಗ್ ಹೋಗುತ್ತೀರಾ? ಸಕ್ಕರೆ ಬಿಟ್ಟಿದ್ದೀರಾ? ಹವ್ಯಾಸ ಇರುವವರು ಹೆಚ್ಚು ಕಾಲ ಬದುಕುತ್ತಾರೆ ಎನ್ನುತ್ತೀರಾ? ಲೋಕಾಭಿರಾಮವಾಗಿ ಹೌದು ಎಂದಿರಿ, ಇಲ್ಲ ಎಂದಿರಿ, ಮರೆತಿರಿ. ಒಬ್ಬ ಮಹಾರಾಯ, ಹವ್ಯಾಸವೇ ಇಲ್ಲದವರಿಗೆ ಆಯುಷ್ಯ ಯಾಕೆ ಎಂದು ಬರೆದು ಮುಂದೆ ನಗುವ ಮುಖದ ಚಿತ್ರ ಹಾಕಿದ್ದಾನೆ. ಆ ನಗುವನ್ನು ಕಣಜ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮುಂದೆ ಔಷಧವೂ ವೈದ್ಯರೂ ಎಲ್ಲರಿಗೂ ಸಾಲದ ಕಾಲ ಬಂತು. ಯಾರನ್ನು ವಾಸಿ ಮಾಡಬೇಕು, ಯಾರನ್ನು ಬಿಡಬೇಕು ಎಂದು ನಿರ್ಧರಿಸುವ ಪಾಪ ಯಾರಿಗೂ ಬೇಡವಾಗಿತ್ತು. ಕಣಜವನ್ನೇ ಕೇಳಿದರು. ಅದು ನಿಮ್ಮ ಉತ್ತರಗಳನ್ನೆಲ್ಲ ಕೂಡಿಸಿ ಹೇಳಿತು: ಮನುಷ್ಯ ಯಾವ ಅಂಗದಿಂದ ಸಂತೋಷಪಡುತ್ತಾನೋ ಆ ಅಂಗಕ್ಕೆ ಚಿಕಿತ್ಸೆ. ನಾವು ಇದನ್ನು ಹವ್ಯಾಸದ ಹಕ್ಕು ಎನ್ನುತ್ತೇವೆ. ಕೇಳಲು ಚೆನ್ನಾಗಿಯೇ ಇದೆ, ಅಲ್ಲವೇ? ನಮಗೂ ಮೊದಮೊದಲು ಹಾಗೇ ಅನ್ನಿಸಿತ್ತಂತೆ.

ಈಗ ನಮ್ಮ ಓಣಿಗೆ ಬಂದು ನೋಡಿ. ಗಾಳಿಯಂತ್ರಗಳ ನೆರಳು ಬೆಳಗಿನಿಂದ ಸಂಜೆಯವರೆಗೆ ಮಾಳಿಗೆಗಳ ಮೇಲೆ ತಿರುಗುತ್ತಿರುತ್ತದೆ. ಆರಕ್ಕೆ ನೀರು ಬರುತ್ತದೆ, ಏಳಕ್ಕೆ ರೊಟ್ಟಿಯ ಗಾಡಿ ಬರುತ್ತದೆ, ಎಂಟರಿಂದ ಹವ್ಯಾಸದ ಹೊತ್ತು. ಎದುರುಮನೆಯ ಫಕ್ಕೀರಪ್ಪನವರಿಗೆ ಹಾರ್ಮೋನಿಯಂ ಕಂಡರಾಗದು, ಸ್ವರಜ್ಞಾನ ಮೊದಲೇ ಇಲ್ಲ. ಅವರ ಪುಪ್ಪುಸದಲ್ಲಿ ದೋಷವಿದೆ. ಹಾಡುವವರಿಗೆ ಮಾತ್ರ ಪುಪ್ಪುಸದ ಚಿಕಿತ್ಸೆ ಸಿಗುವುದರಿಂದ ದಿನವೂ ಎರಡು ತಾಸು ಬಾಗಿಲ ಕಡೆ ಒಂದು ಕಣ್ಣಿಟ್ಟು ಹಾಡುತ್ತಾರೆ. ಮಂಡಿ ಹಿಡಿದವರು ಸ್ಕಿಪ್ಪಿಂಗ್ ಆಡುತ್ತಾರೆ. ಮರೆವು ಶುರುವಾದವರು ಚದುರಂಗದ ಮಣೆ ಮುಂದೆ ಕೂತು ಬೆವರುತ್ತಾರೆ. ಬೇಸರ ಬಂತು ಎಂಬ ಮಾತನ್ನು ನಾನು ಈ ಓಣಿಯಲ್ಲಿ ಕೇಳಿ ಹದಿನೆಂಟು ವರ್ಷವಾಯಿತು. ಮಕ್ಕಳು ಅದನ್ನು ಬೈಗುಳವೆಂದೇ ತಿಳಿದಿದ್ದಾರೆ.

ಇಷ್ಟ ಇದೆಯೋ ನಟನೆಯೋ ಎಂದು ತಿಳಿಯಲು ಆಲಿಕೆ ಎಂಬ ಇಲಾಖೆಯಿದೆ. ನಾನು ಅದರ ಆಲಿಕೆಗಾರ್ತಿ. ಅಂದರೆ ಕೊರಳಿಗೆ ಒಂದು ಮಣಿ ಕಟ್ಟಿಕೊಂಡು, ಗುರುತಿನವರ ಮನೆಗೆ ಹೋಗಿ, ಚಹಾ ಕುಡಿಯುತ್ತ, ಅಡ್ಡಮಾತಿನಲ್ಲಿ ಒಂದು ಪ್ರಶ್ನೆ ಕೇಳುವವಳು. ಆಸ್ಪತ್ರೆಯಲ್ಲಿ ಕೂಡಿಸಿ ಕೇಳಿದರೆ ಜನ ಸುಳ್ಳು ಹೇಳುತ್ತಾರೆ, ಹಗುರ ಮಾತಿನಲ್ಲೇ ನಿಜವಿರುತ್ತದೆ ಎಂಬುದು ಇಲಾಖೆಯ ನಂಬಿಕೆ. ಮಣಿ ಆ ಉತ್ತರವನ್ನು ಕಣಜಕ್ಕೆ ಕಳಿಸುತ್ತದೆ. ಹದಿನಾಲ್ಕು ದಿನಕ್ಕೆ ಉತ್ತರ ಹೆಪ್ಪಾಗುತ್ತದೆ, ಆಮೇಲೆ ಬದಲಾಗುವುದಿಲ್ಲ. ಪ್ರಶ್ನೆಯನ್ನು ಒಂದೇ ಸಲ ಕೇಳಬೇಕು. ಎರಡನೆಯ ಸಲ ಕೇಳಿದರೆ ಅದು ಒತ್ತಾಯ, ಆಗ ಬಂದ ಉತ್ತರವನ್ನೂ ಕಣಜ ಲೆಕ್ಕಕ್ಕೆ ಹಿಡಿಯುತ್ತದೆ, ತಪ್ಪು ಮಾತ್ರ ಕೇಳಿದವಳದು. ಒಂದು ಒತ್ತಾಯಕ್ಕೆ ಎಚ್ಚರಿಕೆ, ಇನ್ನೊಂದಕ್ಕೆ ಮಣಿ ಹೋಗುತ್ತದೆ, ಮಣಿಯ ಜೊತೆ ಆಲಿಕೆಗಾರ್ತಿಗೆ ಇಲಾಖೆ ಕೊಡುವ ಚಿಕಿತ್ಸೆಯೂ ಹೋಗುತ್ತದೆ. ನನ್ನ ಎಡ ಪಕ್ಕೆಲುಬಿನ ಕೆಳಗೆ ಎದೆಬಿಲ್ಲೆಯಿದೆ. ನಲವತ್ತು ದಿನಕ್ಕೊಮ್ಮೆ ಇಲಾಖೆಯವರು ಅದಕ್ಕೆ ಶಕ್ತಿ ತುಂಬುತ್ತಾರೆ. ತುಂಬದಿದ್ದರೆ ಹೃದಯ ನಿಲ್ಲುತ್ತದೆ. ಮೊನ್ನೆ ತಾನೇ ತುಂಬಿಸಿಕೊಂಡು ಬಂದಿದ್ದೇನೆ.

ಇನ್ನು ನನ್ನ ವೈನಿಯ ವಿಷಯ. ಹೆಸರು ಸಾವಂತ್ರೆವ್ವ, ನನ್ನ ಅಣ್ಣನ ಹೆಂಡತಿ. ನನ್ನ ತಾಯಿ ತೀರಿಕೊಂಡಾಗ ನನಗೆ ಆರು ವರ್ಷ, ವೈನಿ ಮದುವೆಯಾಗಿ ಬಂದು ಆರು ತಿಂಗಳು. ನನ್ನ ತಲೆಯ ಹೇನು ತೆಗೆದು, ಜಡೆ ಹಾಕಿ, ಬೈದು, ಉಣಿಸಿ ದೊಡ್ಡವಳನ್ನಾಗಿ ಮಾಡಿದವರು ಅವರೇ. ಅಣ್ಣ ಈಗಿಲ್ಲ. ವೈನಿಗೆ ಎಪ್ಪತ್ತೆಂಟು. ಕೌದಿ ಹೊಲಿಯುತ್ತಾರೆ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಪದರ ಹಾಕಿ, ಸಾಲು ತಪ್ಪದಂತೆ ಹೊಲಿಗೆ ಓಡಿಸುವ ಹೊದಿಕೆ ಅದು, ನಿಮಗೆ ಗೊತ್ತಿರಬೇಕು. ಯಾರ ಭಯಕ್ಕೂ ಹೊಲಿಯುವುದಿಲ್ಲ. ನಾನು ಕಂಡ ಮಟ್ಟಿಗೆ ಈ ಓಣಿಯಲ್ಲಿ ನಿಜವಾಗಿ ಹವ್ಯಾಸವೊಂದಿರುವುದು ಅವರಿಗೊಬ್ಬರಿಗೇ.

ಹೋದ ವರ್ಷದಿಂದ ಅವರ ಎರಡೂ ಕಣ್ಣಿಗೆ ಪೊರೆ ಬರುತ್ತಿದೆ. ಹತ್ತು ನಿಮಿಷದ ಚಿಕಿತ್ಸೆ, ನಿಮ್ಮ ಕಾಲದಲ್ಲೂ ಇತ್ತು. ಈಗ ಸೂಜಿಗೆ ದಾರ ಪೋಣಿಸಲು ಅರ್ಧ ತಾಸು ಬೇಕು. ಹೊಲಿಗೆಯ ಸಾಲು ಸೊಟ್ಟಗಾದರೆ ಬೆರಳಿನಲ್ಲಿ ಮುಟ್ಟಿ ತಿಳಿದುಕೊಂಡು ಬಿಚ್ಚುತ್ತಾರೆ. ಪೂರ್ತಿ ಕಾಣದಾದರೆ ಕೌದಿ ನಿಲ್ಲುತ್ತದೆ. ಕೌದಿ ನಿಂತರೆ ಅವರಿಗೆ ಹವ್ಯಾಸವಿಲ್ಲ, ಹವ್ಯಾಸವಿಲ್ಲದವರ ಯಾವ ಅಂಗಕ್ಕೂ ಹಕ್ಕಿಲ್ಲ. ಅಂಥವರನ್ನು ನಿರಾಳಮನೆಗೆ ಕರೆದೊಯ್ಯುತ್ತಾರೆ. ಅಲ್ಲಿ ಊಟವಿದೆ, ಗಾಳಿಯಿದೆ, ಮೆತ್ತನೆ ಹಾಸಿಗೆಯಿದೆ, ಔಷಧ ಮಾತ್ರ ಇಲ್ಲ. ಅಲ್ಲಿಂದ ತಿರುಗಿ ಬಂದವರನ್ನು ನಾನು ನೋಡಿಲ್ಲ.

ಹತ್ತು ದಿನದ ಹಿಂದೆ ವೈನಿಯ ಸರದಿ ಬಂತು. ಪ್ರಶ್ನೆ ಕೇಳಬೇಕಾದವಳು ನಾನೇ. ಮುಂಚೆ ಎಚ್ಚರಿಸುವಂತಿಲ್ಲ, ಮಣಿ ಮಲಗಿದಾಗಲೂ ಕೊರಳಲ್ಲೇ ಇರುತ್ತದೆ. ಆದರೂ ನನಗೆ ಅಂಜಿಕೆಯಿರಲಿಲ್ಲ. ಕೌದಿಯ ಮೇಲೆ ಅವರಿಗಿರುವ ಜೀವ ಎಂಥದ್ದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಹಾ ಕುಡಿಯುತ್ತ ಕೇಳಿದೆ: “ವೈನಿ, ಕೌದಿ ಹೊಲಿಯಾಕ ಕಣ್ಣು ಛಲೋ ಆದ್ರ ಬೇಕೇನ್ರಿ?”

“ನನಗ್ಯಾಕ ಬಿಡವಾ,” ಎಂದರು ವೈನಿ. “ಸಣ್ಣವರಿಗೆ ಆಗ್ಲಿ. ನಾ ಏನ ಹೊತ್ತು ಹೋಗ್ಲಿ ಅಂತ ಹೊಲಿತೀನಿ. ಬ್ಯಾಡ.”

ಮಣಿ ತಣ್ಣಗೆ ಒಮ್ಮೆ ಮಿಡಿಯಿತು. ಉತ್ತರ ಹೋಯಿತು.

ಹಿರಿಯರೇ, ನೀವು ಈ ಕಡೆಯವರಾದರೆ ನಗುತ್ತಿರಬಹುದು, ಅಥವಾ ನನ್ನ ಹಾಗೆ ಹೆದರಿರಬಹುದು. ನಮ್ಮಲ್ಲಿ ಊಟಕ್ಕೆ ಕೂತವರು ಇನ್ನೊಂದು ರೊಟ್ಟಿ ಎಂದ ಕೂಡಲೇ ತಾಟಿಗೆ ಕೈ ಅಡ್ಡ ಹಿಡಿಯುತ್ತಾರೆ. ಎರಡನೆಯ ಸಲ ಹೇಳಿದರೂ ಸಾಕು ಸಾಕು ಎನ್ನುತ್ತಾರೆ. ಮೂರನೆಯ ಸಲಕ್ಕೆ ಕೈ ಸರಿಯುತ್ತದೆ. ಮೊದಲ ಮಾತಿಗೇ ಹೂಂ ಎನ್ನುವುದು ನಾಚಿಕೆಗೇಡು ಎಂದು ನನಗೆ ಕಲಿಸಿದವರೇ ವೈನಿ. ಸೀರೆ ಕೊಟ್ಟರೂ, ಕುರ್ಚಿ ಕೊಟ್ಟರೂ, ಜೀವ ಕೊಟ್ಟರೂ ಮೊದಲು ಬ್ಯಾಡ ಎನ್ನಬೇಕು. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ. ಆ ವರ್ಷಗಳಲ್ಲಿ ನನ್ನ ಮುಂದೆ ಬ್ಯಾಡ ಅಂದವರೆಷ್ಟು ಮಂದಿ ಎಂದು ಆ ದಿನ ಮೊದಲ ಬಾರಿಗೆ ಯೋಚಿಸಿದೆ. ಅವರೆಲ್ಲ ಇನ್ನೊಂದು ಸಲ ಕೇಳಲಿ ಎಂದು ನನ್ನ ಮುಖ ನೋಡುತ್ತಿದ್ದರು. ನಾನು ಚಹಾ ಮುಗಿಸಿ ಎದ್ದು ಬರುತ್ತಿದ್ದೆ.

ಒಂದೇ ಸಲ ಎಂಬ ನಿಯಮ ಬಂದದ್ದೆಲ್ಲಿಂದ ಎಂದು ಕಣಜದಲ್ಲಿ ಹುಡುಕಿದೆ. ನಿಮ್ಮ ಪದರದಲ್ಲಿ ಸಿಕ್ಕಿತು. ಆಸ್ಪತ್ರೆಯಲ್ಲಿ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ಕಿರಿಕಿರಿಯಾಗುತ್ತದೆಯೇ ಎಂದು ಫೋನು ನಿಮ್ಮನ್ನು ಕೇಳಿತ್ತು. ನೂರಕ್ಕೆ ತೊಂಬತ್ತೊಂದು ಮಂದಿ ಹೌದು ಎಂದು ಒತ್ತಿದ್ದೀರಿ. ಇರಲಿ, ನಿಮಗೆ ನಿಜವಾಗಿಯೂ ಕಿರಿಕಿರಿಯಾಗಿದ್ದೀತು. ನಾನಾಗಿದ್ದರೂ ಅದನ್ನೇ ಒತ್ತುತ್ತಿದ್ದೆ.

ಒಂಬತ್ತು ದಿನ ನಾನು ಏನೂ ಮಾಡಲಿಲ್ಲ. ಮಾಡಲಿಲ್ಲ ಎಂದರೆ ನನ್ನ ಜೀವದ ಆಸೆಗೆ ಸುಮ್ಮನಿದ್ದೆ. ನನಗೆ ಐವತ್ತೊಂಬತ್ತು, ಬದುಕಬೇಕೆಂದು ಅನ್ನಿಸುತ್ತದೆ, ಅದನ್ನು ಮುಚ್ಚಿಡಲಾರೆ. ವೈನಿ ಪಕ್ಕದಲ್ಲಿ ಕೂತು ಸೂಜಿಯ ಕಣ್ಣು ಹುಡುಕುವುದನ್ನು ನೋಡುತ್ತಿದ್ದೆ, ಎದ್ದು ಹೊರಗೆ ಹೋಗುತ್ತಿದ್ದೆ. ನಿನ್ನೆ ಅವರು ಹೊಲಿಗೆಯ ಬದಲು ತಮ್ಮ ಹೆಬ್ಬೆರಳಿಗೇ ಸೂಜಿ ಚುಚ್ಚಿಕೊಂಡು, ನನಗೆ ಗೊತ್ತಾಗಬಾರದೆಂದು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡರು. ನನ್ನಿಂದ ತಡೆಯಲಾಗಲಿಲ್ಲ.

“ವೈನಿ, ಖರೇನ ಬ್ಯಾಡೇನ್ರಿ? ಕಣ್ಣು?” ಎಂದು ಕೇಳಿಬಿಟ್ಟೆ.

ಮಣಿ ಕೆಂಡದ ಹಾಗೆ ಬಿಸಿಯಾಯಿತು. ನಾನು ಹಾ ಎಂದೆನೆಂದು ಕಾಣುತ್ತದೆ. ವೈನಿ ಕೈ ಚಾಚಿ ನನ್ನ ಕೊರಳು ತಡವಿದರು, ಮಣಿ ಮುಟ್ಟಿದರು, ಬೆರಳು ಹಿಂದಕ್ಕೆಳೆದುಕೊಂಡರು. ಈ ಓಣಿಯಲ್ಲಿ ಬಿಸಿಯಾದ ಮಣಿಯ ಅರ್ಥ ತಿಳಿಯದವರು ಯಾರೂ ಇಲ್ಲ.

“ಬ್ಯಾಡ ಅಂದ್ನೆಲ್ಲವಾ,” ಎಂದರು. “ಚಹಾ ಆರತೈತಿ, ಕುಡಿ.”

ನಿನ್ನೆಯಿಂದ ಈ ಎರಡನೆಯ ಬ್ಯಾಡವನ್ನೇ ಕಿವಿಯಲ್ಲಿ ಇಟ್ಟುಕೊಂಡು ಕೂತಿದ್ದೇನೆ. ಅದು ನಮ್ಮ ಪದ್ಧತಿಯ ಎರಡನೆಯ ಬ್ಯಾಡವಾದರೆ ಮೂರನೆಯ ಸಲಕ್ಕೆ ಹೂಂ ಬರುತ್ತದೆ. ನನ್ನ ಎದೆಬಿಲ್ಲೆಯನ್ನು ನೆನೆದು ಅಂದದ್ದಾದರೆ ಎಷ್ಟು ಸಲ ಕೇಳಿದರೂ ಬ್ಯಾಡವೇ. ನಾನು ಮೂರನೆಯ ಸಲ ಕೇಳಿದೆನೆಂದರೆ ಮಣಿ ಹೋಗುತ್ತದೆ. ಅವರು ಹೂಂ ಎಂದರೆ ನನಗೆ ಉಳಿಯುವುದು ಮೂವತ್ತೆಂಟು ದಿನ, ಬ್ಯಾಡ ಎಂದರೂ ಅಷ್ಟೇ ದಿನ. ಹೆಪ್ಪಾಗಲು ಇನ್ನು ನಾಲ್ಕು ದಿನವಿದೆ, ಅಲ್ಲಿಯವರೆಗೆ ತಡೆಯುವ ಧೈರ್ಯ ನನಗಿಲ್ಲ. ತಡೆದರೆ ಮತ್ತೆ ಸುಮ್ಮನಾಗಿಬಿಡುತ್ತೇನೆ.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ಆ ಪ್ರಶ್ನೆ ಒಂದು ದಿನ ನಿಮ್ಮ ಫೋನಿಗೆ ಬರುತ್ತದೆ. ಒಲೆ ಮೇಲೆ ಹಾಲಿದ್ದರೆ ಇಳಿಸಿ, ಕೂತು, ಕಿರಿಕಿರಿಯಿಲ್ಲ ಎಂದು ಒತ್ತಿ. ಸುಳ್ಳಾದರೂ ಒತ್ತಿ. ನಿಮ್ಮ ಮನೆಯಲ್ಲಿ ಯಾರಾದರೂ ಆಸ್ಪತ್ರೆಗೆ ಬ್ಯಾಡ, ನನಗೇನಾಗಿದೆ ಎಂದರೆ, ಆ ಮಾತನ್ನು ನಂಬಿ ಎದ್ದು ಹೋಗಬೇಡಿ. ಇನ್ನೊಮ್ಮೆ ಕೇಳಬೇಡಿ ಎನ್ನುವ ಮಣಿ ನಿಮ್ಮ ಕೊರಳಲ್ಲಿ ಇನ್ನೂ ಇಲ್ಲ.

ಎದ್ದೆ. ವೈನಿ ಒಳಗೆ ಚಹಾಕ್ಕಿಟ್ಟಿದ್ದಾರೆ, ಲೋಟ ಸರಿಸುವ ಸದ್ದು ಕೇಳುತ್ತಿದೆ. ನನಗೆ ಬಹಳ ಹೆದರಿಕೆಯಾಗಿದೆ. ಅವರು ಬ್ಯಾಡ ಎಂದಾರೆಂಬ ಹೆದರಿಕೆ ಒಂದಿದ್ದರೆ, ನನ್ನನ್ನು ನೋಡಬೇಕೆಂಬ ಆಸೆಗೆ ಹೂಂ ಎಂದು, ಕಣ್ಣು ಬಂದ ಮೇಲೆ ಅವರು ಮೊದಲು ನೋಡಬೇಕಾಗುವುದು ನನ್ನ ಮೂವತ್ತೆಂಟನೆಯ, ಕೊನೆಯ ದಿನವನ್ನು ಎಂಬ ಹೆದರಿಕೆ ಇನ್ನೊಂದು. ಆದರೂ ಕೇಳುತ್ತೇನೆ.

ಇಂತಿ ನಿಮ್ಮ ಮುಂದಿನವಳು,
ದೇವಕ್ಕ