ಝಡ್ ಡ್ರೈವ್ ತೆರೆದುಕೊಂಡಿತು

ಗುರುವಾರ, ೯ ಮಾರ್ಚ್ ೨೦೦೬

ಮೂರು ದಿನದಿಂದ ತಲೆ ತಿನ್ನುತ್ತಿದ್ದ ಝಡ್ ಡ್ರೈವ್ ಕೊನೆಗೂ ಇವತ್ತು ತೆರೆದುಕೊಂಡಿತು. ನಮ್ಮ ವಧೂವರರ ಕೇಂದ್ರದ ವೆಬ್‌ಸೈಟ್ ಇರುವ ಸರ್ವರ್ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಆದರೆ ಈಗ ಅದು ವಿಜಯನಗರದ ನನ್ನ ಕಂಪ್ಯೂಟರಿನಲ್ಲಿ ಸಿ, ಡಿ ಡ್ರೈವ್‌ಗಳ ಜೊತೆಗೇ ಝಡ್ ಎಂಬ ಹೆಸರಿನಲ್ಲಿ ಕಾಣುತ್ತದೆ. ವಾರಕ್ಕೊಮ್ಮೆ ಫೋಟೋಗಳ ಸಿ.ಡಿ. ಹಿಡಿದು ವೆಬ್‌ಸೈಟಿನವರ ಹತ್ತಿರ ಅಲೆಯುವುದು ಮುಗಿಯಿತು.

ತಪ್ಪು ಎಲ್ಲಿತ್ತೆಂದು ನೆನೆದರೆ ನಗು ಬರುತ್ತದೆ. ನಮ್ಮ ಮಾಲೀಕರು ಮುನಿರಾಮಯ್ಯನವರು ದಿನಸಿ ಚೀಟಿ ಬರೆದರೂ ಮೇಲೆ ಶ್ರೀ ಹಾಕುವವರು. ಫೋನಿನಲ್ಲಿ ಕೇಳಿ ಪಾಸ್‌ವರ್ಡ್ ಬರೆದುಕೊಂಡಾಗಲೂ ಅದರ ಮುಂದೆ ಇಂಗ್ಲಿಷಿನಲ್ಲೇ ಶ್ರೀ ಹಾಕಿಬಿಟ್ಟಿದ್ದರು. ನಾನು ಅದನ್ನೂ ಸೇರಿಸಿ ಟೈಪ್ ಮಾಡುತ್ತಿದ್ದೆ.

ಮೊದಲು ಚೇತನಾ ಎಂಬ ಹುಡುಗಿಯ ಫೋಟೋ ಅಳಿಸಿದೆ. ನಿಶ್ಚಿತಾರ್ಥವಾಗಿ ಹತ್ತು ದಿನವಾದರೂ ಅದು ಸೈಟಿನಲ್ಲೇ ಇತ್ತೆಂದು ಗಂಡಿನ ಕಡೆಯವರು ಮುನಿಸಿಕೊಂಡಿದ್ದರು. ಮುನಿರಾಮಯ್ಯನವರು ಸ್ಕ್ರೀನಿನ ಹತ್ತಿರ ಬಗ್ಗಿ ನೋಡಿದರು.

"ಯಾರನ್ನ ಕರೆಸಿದ್ಯಮ್ಮ ಸುವರ್ಣಾ?"

"ಯಾರನ್ನೂ ಇಲ್ಲ ಸಾರ್. ನಾನೇ ಮಾಡಿದೆ."

ಅವರು ಎರಡು ಕಾಫಿ ತರಿಸಿ, ಮೊದಲನೆಯದನ್ನು ನನ್ನ ಮುಂದಿಟ್ಟರು.

ಅದೇ ಫೋಲ್ಡರಿನಲ್ಲಿ ನನ್ನ ಪುಟವೂ ಇತ್ತು. ಎರಡು ವರ್ಷದ ಹಿಂದೆ ಅಪ್ಪ ಬರೆಸಿದ್ದು. ಉದ್ಯೋಗ ಎಂಬಲ್ಲಿ 'ಮನೆಗೆಲಸ ಚೆನ್ನಾಗಿ ಬಲ್ಲಳು' ಎಂದಿತ್ತು. ಅದನ್ನು ಅಳಿಸಿ 'ಈ ವೆಬ್‌ಸೈಟ್ ನೋಡಿಕೊಳ್ಳುವವಳು' ಎಂದು ಬರೆದು ಸೇವ್ ಮಾಡಿದೆ. ಅಪ್ಪನಿಗೆ ಹೇಳಿಲ್ಲ. ನನ್ನನ್ನು ನೋಡಲು ಬರುವ ಗಂಡಿನ ಕಡೆಯವರು ಯಾರಾದರೂ ಓದಿ, ಅವರೇ ಹೇಳಲಿ.