ಕಪಿಲೆಯ ತೊಗಲು ಕಳಿಸು

ಜಗಳೂರು ಸೀಮೆ, 20-4-1979

ಸಾಸ್ವೆಹಳ್ಳಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ಹೊಳೆದಂಡೆಯಲ್ಲಿ ಬೆಳೆದು ಇಲ್ಲಿಗೆ ಮೇಷ್ಟ್ರಾಗಿ ಬಂದ ನನಗೆ ಪಾಠಕ್ಕಿಂತ ನೀರಿನ ಚಿಂತೆಯೇ ದೊಡ್ಡದಾಗಿದೆ. ಶಾಲೆಯ ಮುಂದೆ ಪರದೇಶದಿಂದ ಬಂದ ಕೈಪಂಪು ಇದೆ. ಅದರೊಳಗಿನ ತೊಗಲಿನ ವಾಷರ್ ಸವೆದು ಐದು ತಿಂಗಳಿಂದ ನೀರಿರಲಿಲ್ಲ. ಹೊಸ ವಾಷರ್ ಹಡಗಿನಲ್ಲಿ ಬರಬೇಕಂತೆ! ಮೊನ್ನೆ ಚಪ್ಪಲಿ ಹೊಲಿಯುವ ತಿಪ್ಪೇಶಪ್ಪ ಪಂಪು ಬಿಚ್ಚಿ, ಸವೆದದ್ದರ ಅಳತೆಗೆ ಎಮ್ಮೆ ತೊಗಲು ಕತ್ತರಿಸಿ ಕೂರಿಸಿದ. ನೀರು ಬಂತು.

ನಿನ್ನೆ ಪಂಪು ಹಾಕಿಸಿದ ಇಲಾಖೆಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದು, "ಅಪ್ಪಣೆ ಇಲ್ದೆ ಫಾರಿನ್ ಪಂಪು ಬಿಚ್ಚಿದೋರು ಯಾರ್ರೀ? ಹತ್ತು ದಿನದಲ್ಲಿ ಬಂದು ಕಿತ್ಕೊಂಡು ಹೋಗ್ತೀನಿ" ಎಂದರು. ಕೊಡ ಹಿಡಿದು ನಿಂತಿದ್ದ ಕರಿಬಸಮ್ಮ, "ನೀರಿಲ್ದಾಗ ಐದು ತಿಂಗ್ಳು ಈ ಊರಿನ ದಾರಿ ಗೊತ್ತಿರ್ಲಿಲ್ಲ, ನೀರು ಬಂದ ಕೂಡ್ಲೆ ಹೆಂಗೆ ಗೊತ್ತಾತು ಸಾಹೇಬ್ರೆ?" ಎಂದಳು.

ಜಪಾನಿ ಪದ್ಧತಿಯ ಭತ್ತದ ನಾಟಿ ನಮ್ಮೂರಿಗೆ ಬಂದಾಗಲೂ ಕರಪತ್ರ ಹಂಚಿದರೇ ಹೊರತು ನಾಟಿ ಹಾಕುವ ಹೆಂಗಸರಿಗೆ ಯಾರೂ ಕಲಿಸಲಿಲ್ಲ, ನೆನಪಿದೆಯಾ? ಯಂತ್ರವನ್ನು ಸಮುದ್ರ ದಾಟಿಸುತ್ತಾರೆ, ರಿಪೇರಿಯ ವಿದ್ಯೆಯನ್ನು ಬಂದರಿನಲ್ಲೇ ಬಿಟ್ಟು ಬರುತ್ತಾರೆ.

ಅಜ್ಜ ಬಾವಿಯ ನೀರೆತ್ತುತ್ತಿದ್ದ ಕಪಿಲೆಯ ತೊಗಲನ್ನು ಅವನ ನೆನಪಿಗೆಂದು ಎಣ್ಣೆ ಸವರಿ ಇಟ್ಟಿದ್ದೀಯಲ್ಲ, ಅದನ್ನು ಕಂಡಕ್ಟರ್ ಜಯಪ್ಪನ ಕೈಲಿ ಕಳಿಸು. ಬೇಜಾರು ಮಾಡಿಕೊಳ್ಳಬೇಡ. ಸುತ್ತಲ ಹಳ್ಳಿಗಳಲ್ಲಿ ಇಂಥವೇ ಹನ್ನೊಂದು ಪಂಪು ಕೆಟ್ಟು ನಿಂತಿವೆ. ಆ ತೊಗಲಿನಿಂದ ವಾಷರ್ ಕತ್ತರಿಸಲು ತಿಪ್ಪೇಶಪ್ಪ ಉಳಿ ಮಸೆದು ಕೂತಿದ್ದಾನೆ. ಸಾಹೇಬರು ಬರುವಷ್ಟರಲ್ಲಿ ಎಲ್ಲದರಲ್ಲೂ ನೀರು ಬರಬೇಕು. ಎಷ್ಟನ್ನು ಕೀಳುತ್ತಾರೋ ನೋಡೋಣ.

ನನ್ನ ಮಂಡಿನೋವು ಕಡಿಮೆಯಾಗಿದೆ. ಟಪಾಲು ಚೀಲ ಕಟ್ಟುತ್ತಿದ್ದಾರೆ.

ನಿನ್ನ ತಮ್ಮ,
ಜುಂಜಪ್ಪ