ಟೇಪಿನ ಇನ್ನೊಂದು ತುದಿ

ಅಕ್ಟೋಬರ್ 6, ಸಂಜೆ

ಕಾಲೇಜಿನ ಆರ್ಕಿಟೆಕ್ಚರ್ ಪ್ರಾಜೆಕ್ಟು, ಸೈಟಿನಲ್ಲಿ ಮೂರನೇ ದಿನ. ಹಳ್ಳಿಯ ಹಳೇ ಚರ್ಚು, ಸುತ್ತಲಿನ ಸಮಾಧಿಗಳು, ಕಾಂಪೌಂಡು, ಎಲ್ಲ ಅಳೆದು ಶೀಟಿನ ಮೇಲೆ ನಕ್ಷೆ ಬರೆಯಬೇಕು. ಸಬ್ಮಿಷನ್ ಹದಿಮೂರಕ್ಕೆ. ಎಲ್ಲರೂ ಇಬ್ಬಿಬ್ಬರು. ರೂಮ್‌ಮೇಟ್ ಬೇರೆಯವಳ ಜೊತೆ ಸೇರಿಕೊಂಡಳು. ಸಾರಿ ಅಂದಳು. ಪರವಾಗಿಲ್ಲ ಅಂದೆ. ಸರ್‌ಗೆ ಹೇಳಿಲ್ಲ. ಹೇಳಿದರೆ ಯಾರಿಗಾದರೂ ಅಂಟಿಸುತ್ತಾರೆ, ಆಮೇಲೆ ಅವರ ಮುಖ ನೋಡಬೇಕು...

ಟೇಪಿನ ತುದಿಯನ್ನು ಗೇಟಿನ ಕಂಬಿಗೆ ಕಟ್ಟಿ ಉತ್ತರದ ಗೋಡೆ ಅಳೆದೆ. ಉಳಿದ ಕಡೆ ತುದಿಯ ಮೇಲೆ ಇಟ್ಟಿಗೆ ಹೇರಿದೆ. ನಡೆಯುತ್ತೆ.

ಅಕ್ಟೋಬರ್ 7

ಅಮ್ಮನ ಫೋನ್. ಫ್ರೆಂಡ್ಸ್ ಜೊತೆ ಅಳೀತಿದ್ದೀನಿ ಅಂದೆ. ಆರನೇ ವಯಸ್ಸಿಗೆ ಹಾಸ್ಟೆಲ್ ಗೇಟಿನಲ್ಲಿ ಬಿಟ್ಟು ಹೋದಾಗಿನಿಂದ ಅವಳು ಕೇಳುವುದು ಅದೊಂದೇ — ಫ್ರೆಂಡ್ಸ್ ಆದ್ರಾ? ನಾನು ಹೂಂ ಅನ್ನುತ್ತೇನೆ. ಹನ್ನೆರಡು ವರ್ಷದ ಹೂಂ. ಇಲ್ಲ ಅಂದರೆ ತಾನೇ ಬಿಟ್ಟು ಹೋಗಿದ್ದಕ್ಕೆ ಹೀಗಾಯಿತು ಅಂದುಕೊಳ್ಳುತ್ತಾಳೆ.

ಮಕ್ಕಳ ಸಮಾಧಿಗಳು ದಕ್ಷಿಣದ ಗೋಡೆಗುಂಟ ಒಂದೇ ಸಾಲು. ಕಲ್ಲುಗಳು ನನ್ನ ಮೊಣಕಾಲಿಗೂ ಬರುವುದಿಲ್ಲ. ಪಾಚಿ ಕೆರೆದರೂ ಹೆಸರು ಸಿಗಲಿಲ್ಲ. ಅಲ್ಲೇ ಕೂತು ಬ್ರೆಡ್ ತಿಂದೆ.

ಅಕ್ಟೋಬರ್ 10, ಮಧ್ಯಾಹ್ನ

ಶೀಟಿನ ಮೇಲೆ ಗೋಡೆಗಳು ಸೇರುತ್ತಿಲ್ಲ. ಒಂದು ಮೂಲೆ ಬಾಯಿ ಬಿಟ್ಟುಕೊಂಡಿದೆ. ಅಳುವಷ್ಟು ಸಿಟ್ಟು. ಇಲ್ಲಿ ಸಮಾಧಿಗೆ ಗುಂಡಿ ತೋಡುವ ಅಜ್ಜರೊಬ್ಬರು ಸಲಿಕೆ ಬಿಟ್ಟು ಬಂದು, ಕಂಬಿಗೆ ಕಟ್ಟಿದ್ದ ಟೇಪು ನೋಡಿದರು.

"ಗಂಟನ್ನೂ ಸೇರಿಸಿ ಅಳೆದುಬಿಟ್ಟಿದ್ದೀಯಲ್ಲಮ್ಮ. ಹಿಡಿಯೋಕೆ ಜೊತೆಗೆ ಯಾರೂ ಇಲ್ವಾ?"

ಕೈಯಲ್ಲಿದ್ದ ಫೋನಿನಲ್ಲಿ ಅಮ್ಮ ಇನ್ನೂ ಲೈನಿನಲ್ಲಿದ್ದಳು. ಗಂಡಸಿನ ದನಿ ಕೇಳಿದ್ದೇ ತಡ, ಯಾರದು, ಕೊಡು ಅವನಿಗೆ ಅಂದಳು. ಬೇಡ ಅಂತ ಕಣ್ಣಲ್ಲೇ ಅಜ್ಜನನ್ನು ಬೇಡಿಕೊಂಡೆ. ಅವರು ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು ಫೋನ್ ತೆಗೆದುಕೊಂಡರು.

"ನಾನು ಇಲ್ಲಿ ಗುಂಡಿ ತೋಡೋನಮ್ಮ, ಹೆದರ್ಬೇಡಿ. ನಿಮ್ಮ ಮಗಳು ದಿನಾ ಒಬ್ಬಳೇ ಬರ್ತಾಳೆ. ಒಬ್ಬಳೇ ತಿಂತಾಳೆ. ಟೇಪಿನ ಇನ್ನೊಂದು ತುದಿ ನಾನೇ ಹಿಡ್ಕೊಳ್ತಿದ್ದೆ, ಆದ್ರೆ ಇವತ್ತು ಸಂಜೆಯೊಳಗೆ ಒಂದು ಗುಂಡಿ ಆಗ್ಬೇಕು."

ಫೋನ್ ವಾಪಸ್ ಬಂದಾಗ ಅಮ್ಮ ಇಟ್ಟುಬಿಟ್ಟಿದ್ದಳು.

ಅಕ್ಟೋಬರ್ 11, ರಾತ್ರಿ

ಇಡೀ ದಿನ ಫೋನ್ ಇಲ್ಲ. ನಾನೂ ಮಾಡಲಿಲ್ಲ.

ಅಕ್ಟೋಬರ್ 12, ಬೆಳಿಗ್ಗೆ 6:10

ಈಗ ಮಾಡಿದಳು. ಹಿಂದೆ ಬಸ್ ಸ್ಟ್ಯಾಂಡಿನ ಗಲಾಟೆ. ಬೈಯಲಿಲ್ಲ. ಸುಳ್ಳಿನ ಸುದ್ದಿ ಎತ್ತಲೇ ಇಲ್ಲ. ಕೇಳಿದ್ದು ಇಷ್ಟು:

"ಆ ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಓದಿರ್ಬೇಕೇನೇ?"

ಬೇಡಮ್ಮ, ದೂರ, ನಾನು ಮ್ಯಾನೇಜ್ ಮಾಡ್ತೀನಿ — ಬಾಯಿಗೆ ಬಂದದ್ದು ಇದೇ. ಹೇಳಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಇಲ್ಲಿಗೆ ಬರುತ್ತೆ ಅಂತ ಕೇಳಿದೆ.